ಸೋಡಿಯಂ ಹಿಂದೆ ಸಕ್ಕರೆ ಬರಲೇಬೇಕೆ?

ಕರುಳಿನ ಜೀವಕೋಶದೊಳಕ್ಕೆ ಗ್ಲೂಕೋಸ್ ಹೇಗೆ ಹೋಗುತ್ತದೆ ಎಂದು ಕೇಳಿದರೆ ಪಠ್ಯಪುಸ್ತಕಗಳೆಲ್ಲ ಒಂದೇ ಚಿತ್ರ ತೋರಿಸುತ್ತವೆ: ಎರಡು ಸೋಡಿಯಂ ಅಯಾನು, ಒಂದು ಗ್ಲೂಕೋಸ್, ಜೋಡೆತ್ತಿಗೆ ಗಾಡಿ ಕಟ್ಟಿದ ಹಾಗೆ. ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಸೋಡಿಯಂ–ಸಕ್ಕರೆ ನಂಟನ್ನು ಮುಂದಿಟ್ಟಾಗ ಅದೊಂದು ದಿಟ್ಟ ಊಹೆ. ಇವತ್ತು ಓಆರ್‌ಎಸ್ ಪುಡಿ ಕೆಲಸ ಮಾಡುವುದೂ ಆ ನಂಟಿನಿಂದಲೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಎತ್ತು ಹೊರಟರೆ ಗಾಡಿ ಬಂದೇ ಬರುತ್ತದೆ ಎಂಬ ನಂಬಿಕೆಯ ಬಗ್ಗೆ ಇದೆ.

ಆ ನಂಬಿಕೆಗೆ ಒಂದು ಲೆಕ್ಕದ ಬೆಂಬಲವಿದೆ. ಕೋಶದ ಹೊರಗೆ ಸೋಡಿಯಂ ಒಳಗಿನದಕ್ಕಿಂತ ಸುಮಾರು 10 ಪಟ್ಟು. ಪೊರೆಯ ಒಳಬದಿ ಮೈನಸ್ 60 ಮಿಲಿವೋಲ್ಟ್ ಇದ್ದರೆ ಅದು ಇನ್ನೊಂದು 10 ಪಟ್ಟು. ಒಂದು ಸೋಡಿಯಂಗೆ 100, ಎರಡಕ್ಕೆ 10,000. ಅಂದರೆ ಎಸ್‌ಜಿಎಲ್‌ಟಿ1 ಎಂಬ ಸಾಗಣೆ ಪ್ರೋಟೀನು ಗ್ಲೂಕೋಸನ್ನು ಹೊರಗಿನದಕ್ಕಿಂತ 10,000 ಪಟ್ಟು ಒಳಗೆ ಕೂಡಿಹಾಕಬಲ್ಲದು! ಲೆಕ್ಕ ಸರಿಯೇ. ಆದರೆ ಒಂದೇ ಒಂದು ಸೋಡಿಯಂ ಕೂಡ ಸಕ್ಕರೆ ಬಿಟ್ಟು ಒಳಗೆ ನುಸುಳದಿದ್ದರೆ ಮಾತ್ರ ಸರಿ.

ನುಸುಳುತ್ತದೆ. ಲೂಸಿ ಪೇರಂಟ್, ಅರ್ನೆಸ್ಟ್ ರೈಟ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಮಾದರಿಯಲ್ಲೇ ಅದಕ್ಕೆ ದಾರಿಯಿದೆ. ಖಾಲಿ ಪ್ರೋಟೀನು, ಸೋಡಿಯಂ ಹಿಡಿದದ್ದು, ಸೋಡಿಯಂ ಜೊತೆ ಸಕ್ಕರೆಯನ್ನೂ ಹಿಡಿದದ್ದು: ಈ ಮೂರು ಸ್ಥಿತಿಗಳು ಹೊರಮುಖವಾಗಿ, ಇವೇ ಮೂರು ಒಳಮುಖವಾಗಿ. ಸುತ್ತು ಮುಗಿಸಲು ಆರು ಹೆಜ್ಜೆ ಸಾಕು. ಅವರು ಬರೆದದ್ದು ಏಳು. ಏಳನೆಯದು, ಬರೀ ಸೋಡಿಯಂ ಹೊತ್ತು ಪ್ರೋಟೀನು ಒಳಕ್ಕೆ ತಿರುಗುವ ಹೆಜ್ಜೆ. ಇದೇನು ಕಾಗದದ ಕಲ್ಪನೆಯಲ್ಲ. ಈ ಪ್ರೋಟೀನನ್ನು ತಯಾರಿಸುವಂತೆ ಮಾಡಿದ ಕ್ಸೆನೋಪಸ್ ಕಪ್ಪೆಯ ಅಂಡಕೋಶವನ್ನು ಸಕ್ಕರೆಯೇ ಇಲ್ಲದ ದ್ರಾವಣದಲ್ಲಿಟ್ಟು, ಈ ಪ್ರೋಟೀನನ್ನು ತಡೆಯುವ ಫ್ಲೋರಿಜಿನ್ ಹಾಕಿ ನೋಡಿ, ಒಳಮುಖವಾಗಿ ಹರಿಯುತ್ತಿದ್ದ ಸಣ್ಣ ವಿದ್ಯುತ್ ಪ್ರವಾಹವೊಂದು ನಿಂತುಹೋಗುತ್ತದೆ.

ಹಾಗಾದರೆ ಜೋಡಣೆ ಎಂದರೇನು? ಎರಡು ವೇಗಗಳ ಪೈಪೋಟಿ, ಅಷ್ಟೇ. ಸಕ್ಕರೆ ಬಂದು ಕೂರುವ ದಾರಿ ಚುರುಕು, ಬರಿಗೈಯಲ್ಲಿ ತಿರುಗುವ ದಾರಿ ನಿಧಾನ. ಹಾಗಾಗಿ 2:1 ಎಂಬ ಲೆಕ್ಕ ಹೆಚ್ಚುಕಡಿಮೆ ನಿಲ್ಲುತ್ತದೆ. ಒಳಗೆ ಸಕ್ಕರೆ ತುಂಬುತ್ತ ಹೋದಂತೆ ಅದೂ ಸಡಿಲವಾಗುತ್ತದೆ. ಸಕ್ಕರೆಯ ನಿವ್ವಳ ಸಾಗಣೆ ಸೊನ್ನೆಗೆ ಇಳಿದಾಗಲೂ ಸೋಡಿಯಂ ಮಾತ್ರ ಸೋರುತ್ತಲೇ ಇರುತ್ತದೆ. ಆ ಸೊನ್ನೆ 10,000ಕ್ಕೆ ಮುಂಚೆಯೇ ಬರುತ್ತದೆ.

ಇಷ್ಟು ಹೇಳಿ ಮಾದರಿಯನ್ನೇ ಪೂಜೆಗಿಡುವುದೂ ಬೇಡ. ಏಳು ಹೆಜ್ಜೆಗೆ ಹಿಂದು-ಮುಂದು ಸೇರಿ 14 ದರಗಳು. ಸಮತೋಲದ ನಿಯಮ ಎರಡನ್ನು ಕಟ್ಟಿಹಾಕಿದರೂ 12 ಉಳಿಯುತ್ತವೆ. ಎರಡು ಸೋಡಿಯಂಗಳ ಪ್ರವೇಶವನ್ನು ಒಂದೇ ಹೆಜ್ಜೆಗೆ ಸೇರಿಸಿದ್ದು ಅನುಕೂಲಕ್ಕೆ. ಇಷ್ಟೊಂದು ಸಂಖ್ಯೆಗಳನ್ನು ಕೈಯಲ್ಲಿಟ್ಟುಕೊಂಡು ಸ್ಥಿರ ಪ್ರವಾಹದ ಒಂದು ನುಣುಪು ರೇಖೆಗೆ ಹೊಂದಿಸುವುದು ದೊಡ್ಡ ಸಾಹಸವಲ್ಲ. ವೋಲ್ಟೇಜ್ ಬದಲಿಸಿದೊಡನೆ ಮಿಲಿಸೆಕೆಂಡುಗಳಲ್ಲಿ ಹಾದುಹೋಗುವ ಕ್ಷಣಿಕ ಪ್ರವಾಹವನ್ನೂ ಲೆಕ್ಕಕ್ಕೆ ತಂದದ್ದೇ 1992ರ ಕೆಲಸದ ನಿಜವಾದ ಗಟ್ಟಿತನ.

ಕೂಡಿಹಾಕುವ ಗರಿಷ್ಠ ಲೆಕ್ಕವೇ ಕೆಲಸದ ಅಳತೆಯಲ್ಲ ಎಂಬುದಕ್ಕೆ ಮೂತ್ರಪಿಂಡದ ಉದಾಹರಣೆ ನೋಡಿ. ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸ್ ಅಲ್ಲಿ ಸೋಸಿ ಬರುತ್ತದೆ. ಆರೋಗ್ಯವಂತರಲ್ಲಿ ಅದರ ಬಹುಪಾಲನ್ನು ವಾಪಸು ಎಳೆದುಕೊಳ್ಳುವುದು ಎಸ್‌ಜಿಎಲ್‌ಟಿ2. ಇದಕ್ಕೆ ಒಂದೇ ಸೋಡಿಯಂ, ಮೇಲಿನ ಲೆಕ್ಕದ ಪ್ರಕಾರ ಬರೀ 100 ಪಟ್ಟಿನ ಯೋಗ್ಯತೆ. ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್ ತಡೆಯುವುದೂ ಇದನ್ನೇ. 10,000 ಪಟ್ಟಿನ ಎಸ್‌ಜಿಎಲ್‌ಟಿ1 ಇರುವುದು ನಾಳದ ಮುಂದಿನ ಭಾಗದಲ್ಲಿ, ಅಳಿದುಳಿದದ್ದನ್ನು ಹೆಕ್ಕಿಕೊಳ್ಳುವುದಕ್ಕೆ.