ಸೊನ್ನೆ ಬಿಲ್ಲಿನ ಮನೆಗೆ ಸೋಲಾರ್ ಯಾಕೆ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಕುಟುಂಬದ ತಾರಸಿ. ಹನ್ನೆರಡು ಗಂಟೆಯ ಬಿಸಿಲು. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದು ಕಡೆ ಒಣಗಲು ಹರವಿದ ಕಡಲೆಕಾಯಿ, ನಡುವೆ ಬಟ್ಟೆ ಹಗ್ಗ. ಮನೆಯ ಯಜಮಾನರು ನನ್ನ ಕೈಗೆ ಎರಡು ಕಾಗದ ಕೊಟ್ಟರು. ಒಂದು, ಸೋಲಾರ್ ಹಾಕುವವರು ಕೊಟ್ಟ ಕೊಟೇಷನ್: 2 ಕಿಲೋವ್ಯಾಟಿಗೆ 1 ಲಕ್ಷ 30 ಸಾವಿರ ರೂಪಾಯಿ. ಇನ್ನೊಂದು, ಮನೆಯ ಕರೆಂಟ್ ಬಿಲ್ಲು: 120 ಯೂನಿಟ್, ಕಟ್ಟಬೇಕಾದ ಮೊತ್ತ ಸೊನ್ನೆ. ‘ನೀವೇ ಹೇಳಿ ಸಾರ್, ಸೊನ್ನೇನ ಇನ್ನೆಷ್ಟು ಕಮ್ಮಿ ಮಾಡುತ್ತೆ ಇದು?’ ಎಂದು ಕೇಳಿದರು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಊರುಗಳಲ್ಲಿ ಮನೆ ಮನೆಗೆ ಸೋಲಾರ್ ತರುತ್ತೇವೆ ಎನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಅದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸೋಲಾರ್‌ಗೆ ಈಗಿರುವ ಕೇಂದ್ರದ ಸಹಾಯಧನ ದೊಡ್ಡ ಬಿಲ್ಲು ಕಟ್ಟುವ ಮನೆಗೆ ಒಳ್ಳೆಯದು, ನಿಜಕ್ಕೂ ಒಳ್ಳೆಯದು. ಆದರೆ ನಮ್ಮ ಬಹುಪಾಲು ಮನೆಗಳ ಲೆಕ್ಕಕ್ಕೆ ಅದು ಒಗ್ಗುವುದಿಲ್ಲ.

2024ರ ಫೆಬ್ರುವರಿಯಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನದ ಲೆಕ್ಕ ಸರಳ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000, ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. 75,021 ಕೋಟಿ ರೂಪಾಯಿಯಲ್ಲಿ ದೇಶದ 1 ಕೋಟಿ ಮನೆ ತಲುಪುವುದು ಗುರಿ. ಅಡಮಾನವಿಲ್ಲದೆ ಕಡಿಮೆ ಬಡ್ಡಿಯ ಬ್ಯಾಂಕ್ ಸಾಲವೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಿಂದೆ ಸಹಾಯಧನವೆಂದರೆ ಟೆಂಡರು, ಮಧ್ಯವರ್ತಿ, ವರ್ಷಗಟ್ಟಲೆ ಕಾಯುವುದು ಎಂದಿತ್ತು. ಈಗ ದುಡ್ಡು ನೇರ ಮನೆಯವರ ಖಾತೆಗೆ ಬರುತ್ತದೆ. ಇದು ದೊಡ್ಡ ಸುಧಾರಣೆ ಎಂಬುದನ್ನು ಒಪ್ಪಲೇಬೇಕು.

ಲೆಕ್ಕ ಕೂಡಿಬರುವ ಮನೆ ಎಂಥದ್ದು? ಚಿಕ್ಕಬಳ್ಳಾಪುರದ ಹೊಸ ಬಡಾವಣೆಯಲ್ಲಿ ತಿಂಗಳಿಗೆ 300 ಯೂನಿಟ್ ಉರಿಸುವ ಮನೆ ಎಂದಿಟ್ಟುಕೊಳ್ಳಿ. ಬಳಕೆ 200 ಯೂನಿಟ್ ದಾಟಿದ ಕೂಡಲೇ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಸಿಗದು, ಪೂರ್ತಿ ಬಿಲ್ಲು ಕಟ್ಟಬೇಕು. ಯೂನಿಟ್‌ಗೆ ಸುಮಾರು 6 ರೂಪಾಯಿ, ಅದರ ಮೇಲೆ ಶೇ 9ರಷ್ಟು ತೆರಿಗೆ. ನಿಗದಿತ ಶುಲ್ಕ ಬಿಟ್ಟರೂ ತಿಂಗಳಿಗೆ ಹತ್ತಿರ ಹತ್ತಿರ 2,000 ರೂಪಾಯಿ. ನಮ್ಮ ಸೀಮೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 350 ಯೂನಿಟ್‌ನ ಆಸುಪಾಸು. ಖರ್ಚು 1 ಲಕ್ಷ 90 ಸಾವಿರ ಎಂದುಕೊಂಡರೆ ಸಹಾಯಧನ ಕಳೆದು ಕೈಯಿಂದ ಹೋಗುವುದು 1 ಲಕ್ಷ 12 ಸಾವಿರ. ಐದು ವರ್ಷದೊಳಗೆ ಅಸಲು ವಾಪಸ್. ಪ್ಯಾನೆಲ್‌ಗೆ 25 ವರ್ಷದ ಗ್ಯಾರಂಟಿ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸಬೇಕಾಗಿ ಬಂದರೂ ಇದು ಲಾಭದ ಬಾಬತ್ತೇ. ಇಂಥ ಮನೆಯವರು ಇನ್ನೂ ಯೋಚಿಸುತ್ತಾ ಕೂರಬೇಕಿಲ್ಲ.

ಈಗ ಶಿಡ್ಲಘಟ್ಟದ ಆ ತಾರಸಿಗೆ ಬನ್ನಿ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಅವರ ಬಿಲ್ಲನ್ನು ಸೊನ್ನೆ ಮಾಡಿದೆ. ಅವರು 2 ಕಿಲೋವ್ಯಾಟ್ ಹಾಕಿಸಿದರೆ 60,000 ಸಹಾಯಧನ ಹೋಗಿ ಕೈಯಿಂದ 70,000 ಬೀಳುತ್ತದೆ. ತಿಂಗಳಿಗೆ 240 ಯೂನಿಟ್ ಬಂದೀತು, ಅದರಲ್ಲಿ 120 ಮನೆಗೇ ಆಯಿತು. ಆ 120 ಯೂನಿಟ್‌ನಿಂದ ಉಳಿಯುವುದು ಸರ್ಕಾರದ ದುಡ್ಡು, ಅವರದಲ್ಲ. ಮಿಕ್ಕ 120 ಯೂನಿಟ್ ವಿದ್ಯುತ್ ಕಂಪನಿ ಬೆಸ್ಕಾಂಗೆ ಹೋಗುತ್ತದೆ. ಸಹಾಯಧನ ಪಡೆದ ಮನೆಯಿಂದ ಕೊಳ್ಳುವ ದರ ಯೂನಿಟ್‌ಗೆ 3 ರೂಪಾಯಿಯೂ ಇಲ್ಲ. ತಿಂಗಳಿಗೆ 350 ರೂಪಾಯಿ ಬಂದರೆ ಹೆಚ್ಚು. 70,000 ತೀರಲು ಹದಿನಾರು ವರ್ಷಕ್ಕೂ ಹೆಚ್ಚು ಬೇಕು. ರೇಷ್ಮೆ ಗೂಡಿನ ರೇಟು ದಿನಕ್ಕೊಂದು ಥರ ಇರುವ ಊರಲ್ಲಿ ಹದಿನಾರು ವರ್ಷದ ಲೆಕ್ಕಕ್ಕೆ ಯಾರು ದುಡ್ಡು ಹಾಕುತ್ತಾರೆ? ಅವರು ಬೇಡ ಎಂದರೆ ಅದು ಅಜ್ಞಾನವಲ್ಲ. ಸರಿಯಾಗಿ ಲೆಕ್ಕ ಹಾಕಿದ್ದಾರೆ, ಅಷ್ಟೇ. ಜಾಗೃತಿ ಜಾಥಾ ಮಾಡಿ ಅವರ ಮನಸ್ಸು ಬದಲಿಸಲಾಗದು.

ಗೃಹಜ್ಯೋತಿ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಿಲ್ಲು ಕಟ್ಟಲಾಗದೆ ಫ್ಯೂಸ್ ಕಿತ್ತುಕೊಂಡು ಹೋದ ಮನೆಗಳ ಕತ್ತಲೆ ನಮ್ಮ ಊರುಗಳಿಗೆ ಗೊತ್ತು. ನನ್ನ ತಕರಾರು ಇರುವುದು ಕೇಂದ್ರದ ಒಂದು ಯೋಜನೆ, ರಾಜ್ಯದ ಒಂದು ಯೋಜನೆ ಒಂದೇ ಸೂರಿನ ಮೇಲೆ ಕೂತು ಒಂದನ್ನೊಂದು ನೋಡದಿರುವುದರ ಬಗ್ಗೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯ ಪರವಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಸುಮಾರು 7,000 ರೂಪಾಯಿ ಕಟ್ಟುತ್ತದೆ, ಪ್ರತಿ ವರ್ಷವೂ ಕಟ್ಟುತ್ತಲೇ ಇರಬೇಕು. ಅದೇ ಮನೆಗೆ ಸಾಕಾಗುವ ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ 65,000 ಎಂದರೂ ಕೇಂದ್ರದ 30,000 ಕಳೆದು ಉಳಿಯುವುದು 35,000. ಅಂದರೆ ಐದು ವರ್ಷದ ಬಿಲ್ಲಿನ ದುಡ್ಡು. ಅದನ್ನು ಒಂದೇ ಸಲ ತಾರಸಿಯ ಮೇಲೆ ಹಾಕಿದರೆ ಮುಂದಿನ ಇಪ್ಪತ್ತು ವರ್ಷ ಆ ಮನೆಯ ಕರೆಂಟು ಬೊಕ್ಕಸಕ್ಕೆ ಭಾರವಾಗದು.

ಇದು ಹಗಲುಗನಸಲ್ಲ. ಗೌರಿಬಿದನೂರು ತಾಲ್ಲೂಕಿನ ಹನುಮೇನಹಳ್ಳಿಯಲ್ಲಿ 2025ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕುಸುಮ್-ಸಿ ಯೋಜನೆಯ ಸೋಲಾರ್ ಘಟಕ ಉದ್ಘಾಟಿಸಿದರು. ರೈತರ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ಕೊಡುವ ಹೊರೆ ಹೇಗೂ ಸರ್ಕಾರದ್ದೇ. ಹಾಗಿದ್ದರೆ ಆ ಕರೆಂಟನ್ನು ಫೀಡರ್ ಪಕ್ಕದಲ್ಲೇ ಬಿಸಿಲಿನಿಂದ ತೆಗೆಯೋಣ, ರೈತನಿಗೂ ಹಗಲು ಹೊತ್ತೇ ಸಿಗಲಿ ಎಂಬುದು ಅದರ ಹಿಂದಿನ ಯೋಚನೆ. ಪಂಪ್‌ಸೆಟ್ಟಿಗೆ ಹಾಕಿದ ಈ ಲೆಕ್ಕವನ್ನು ಮನೆಗೇಕೆ ಹಾಕಬಾರದು? ಗೌರಿಬಿದನೂರಿನಿಂದ ಕೂಗಳತೆಯಲ್ಲಿರುವ ಹಿಂದೂಪುರ, ಚಿಂತಾಮಣಿಯಾಚೆಯ ಮದನಪಲ್ಲಿ ಆಂಧ್ರದವು. ಅಲ್ಲಿನ ಸರ್ಕಾರ ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ 2 ಕಿಲೋವ್ಯಾಟ್ ಉಚಿತವಾಗಿ ಹಾಕಿಕೊಡಲು ಹೊರಟಿದೆ, ಹಿಂದುಳಿದ ವರ್ಗದವರಿಗೆ 20,000 ಹೆಚ್ಚುವರಿ ಕೊಡುತ್ತದೆ. ಉತ್ತರ ಪ್ರದೇಶ 30,000 ರೂಪಾಯಿವರೆಗೆ ತನ್ನ ಪಾಲು ಸೇರಿಸುತ್ತದೆ. ವಿದ್ಯುತ್ ಕಂಪನಿಯೇ ಮುಂದೆ ನಿಂತು ಗ್ರಾಹಕರ ಪರವಾಗಿ ಪ್ಯಾನೆಲ್ ಹಾಕಿಸಲು ಸೂರ್ಯಘರ್ ನಿಯಮದಲ್ಲೇ ಅವಕಾಶವಿದೆ. ಬಾಗಿಲು ತೆರೆದೇ ಇದೆ, ನಮ್ಮವರು ಒಳಗೆ ಕಾಲಿಡಬೇಕು.

ಲೆಕ್ಕ ಕೂಡಿದ ಮನೆಗೂ ದಾರಿ ಸಲೀಸಲ್ಲ. ಸಹಾಯಧನ ಬರುವುದು ಪ್ಯಾನೆಲ್ ಹಾಕಿ, ದ್ವಿಮುಖ ಮೀಟರ್ ಕೂರಿಸಿ, ತಪಾಸಣೆ ಮುಗಿದ ಮೇಲೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ಹೊಂದಿಸಬೇಕಾದವರು ಮನೆಯವರೇ. ಅದಕ್ಕೂ ಮೊದಲು ಮೀಟರಿನ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ ಎಂಬ ಪ್ರಶ್ನೆ. ನಮ್ಮ ಹಳೇ ಪೇಟೆ ಬೀದಿಗಳಲ್ಲಿ ತಾತ ತೀರಿಕೊಂಡು ಇಪ್ಪತ್ತು ವರ್ಷವಾದರೂ ಬಿಲ್ಲು ತಾತನ ಹೆಸರಿಗೇ ಬರುತ್ತಿರುತ್ತದೆ. ಅಣ್ಣತಮ್ಮಂದಿರ ಪಾಲು ಪಟ್ಟಿಯಾಗದೆ ಖಾತೆ ಬದಲಾಗದು, ಖಾತೆ ಬದಲಾಗದೆ ಮೀಟರಿನ ಹೆಸರು ಬದಲಾಗದು, ಹೆಸರು ಬದಲಾಗದೆ ಅರ್ಜಿ ಮುಂದೆ ಹೋಗದು. ಒಂದು ಸೂರಿನ ಕೆಳಗೆ ಮೂರು ಒಲೆ ಇರುವ ಮನೆಯಲ್ಲಿ ತಾರಸಿ ಯಾರದು ಎಂಬುದೇ ತೀರ್ಮಾನವಾಗಿರುವುದಿಲ್ಲ.

ಇನ್ನು ತಾರಸಿಯೇ ಇಲ್ಲದವರು. ನಮ್ಮ ಸೀಮೆಯ ಹಳೇ ಮನೆಗಳಿಗೆ ಕಲ್ಲು ಚಪ್ಪಡಿ, ರೇಷ್ಮೆ ಹುಳು ಮನೆಗೆ ಶೀಟು. ಒಂದು ಕಿಲೋವ್ಯಾಟಿಗೆ ನೂರು ಚದರಡಿಯಷ್ಟು ನೆರಳಿಲ್ಲದ, ಭಾರ ಹೊರುವ ಜಾಗ ಬೇಕು. ಚಪ್ಪಡಿಗೆ ತೂತು ಕೊರೆದು ಕಂಬಿ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆರ್‌ಸಿಸಿ ಇದ್ದರೂ ಕಡಲೆಕಾಯಿ, ರಾಗಿ, ಸಂಡಿಗೆ ಒಣಗುವ ಜಾಗವದು. ಆಳೆತ್ತರಕ್ಕೆ ಕಂಬಿ ಏರಿಸಿದರೆ ಎರಡೂ ನಡೆಯುತ್ತದೆ, ಆದರೆ ಖರ್ಚು ಏರುತ್ತದೆ.

ಕೊಟೇಷನ್ ತರುವವರು ತಾವಾಗಿ ಹೇಳದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸಾಮಾನ್ಯವಾಗಿ ಹಾಕುವ ಆನ್-ಗ್ರಿಡ್ ಸೋಲಾರ್, ಕರೆಂಟು ಹೋದರೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ, ಅದು ಸರಿಯೇ. ಆದರೆ ಬಿಸಿಲು ಕಾಯುತ್ತಿರುವಾಗಲೇ ಮನೆ ಕತ್ತಲಾದರೆ ಜನರಿಗೆ ಮೋಸ ಹೋದಂತೆ ಅನಿಸುತ್ತದೆ. ಬೇಸಿನ್‌ನಲ್ಲಿ ಗೂಡು ಬೇಯುತ್ತಿರುವಾಗ ಕರೆಂಟು ಹೋಗಿ ಮೋಟರು ನಿಂತರೆ ಏನಾಗುತ್ತದೆಂದು ಬಲ್ಲ ಶಿಡ್ಲಘಟ್ಟದವರು ಸೋಲಾರ್‌ನಿಂದ ಮೊದಲು ಬಯಸುವುದೇ ಆ ನೆಮ್ಮದಿಯನ್ನು. ಅದು ಬೇಕಾದರೆ ಬ್ಯಾಟರಿ ಬೇಕು, ಬ್ಯಾಟರಿಗೆ ಸಹಾಯಧನವಿಲ್ಲ. ಮನೆಯ ಕೆಳಗೇ ಇರುವ, ನೂಲು ಬಿಚ್ಚುವ ಫಿಲೇಚರ್‌ನ ಮೀಟರಿಗೂ ಇಲ್ಲ. ಸಹಾಯಧನ ಮನೆ ಮೀಟರಿಗೆ ಮಾತ್ರ. ಮನೆ ಬೇರೆ, ಕೆಲಸ ಬೇರೆ ಎಂದು ಎಣಿಸಿ ಬರೆದ ನಿಯಮ ಇಲ್ಲಿನ ಬದುಕಿಗೆ ಹೊಂದುವುದಿಲ್ಲ.

ಹಾಕಿದ ಮೇಲೆ ನೋಡಿಕೊಳ್ಳುವ ಮಾತೂ ಇದೆ. ಕ್ರಷರ್ ಧೂಳು ಪ್ಯಾನೆಲ್ ಮೇಲೆ ಕೂತರೆ ಕರೆಂಟು ಇಳಿಯುತ್ತದೆ, ತೊಳೆಯಲೇಬೇಕು. ಸಾವಿರ ಅಡಿ ಆಳದ ಬೋರ್‌ವೆಲ್ಲಿನ ಗಡಸು ನೀರಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಹಿಡಿದಿಟ್ಟ ಮಳೆನೀರಲ್ಲಿ ಬೆಳಗಿನ ತಂಪಿನಲ್ಲೇ ಒರೆಸುವುದು ಒಳ್ಳೆಯದು.

ಜನ ಹಿಂದೇಟು ಹಾಕಲು ಇನ್ನೊಂದು ಕಾರಣ ನಂಬಿಕೆಯದು. 2013ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಸಹಾಯಧನ ಪಡೆಯದ ತಾರಸಿ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು. 2019ರ ಹೊತ್ತಿಗೆ ಹೊಸದಾಗಿ ಹಾಕುವ ಮನೆಗಳಿಗೆ ಅದು 4 ರೂಪಾಯಿ 2 ಪೈಸೆಗೆ ಬಂತು. ಪ್ಯಾನೆಲ್ ಅಗ್ಗವಾದಂತೆ ದರ ಇಳಿಯುವುದು ಸಹಜ. ಆದರೆ ನಾಳೆ ಏನೋ ಎಂಬ ಅಳುಕು ಉಳಿಯಿತು. ಒಪ್ಪಂದದ ದರ 25 ವರ್ಷ ಬದಲಾಗದು ಎಂಬುದನ್ನು ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲೇ ಅಚ್ಚ ಕನ್ನಡದಲ್ಲಿ ಬರೆದು ಕೊಡುವಂತಾಗಬೇಕು.

ದೊಡ್ಡ ಬಿಲ್ಲಿನವರು ಈ ಯೋಜನೆಯನ್ನು ಧೈರ್ಯವಾಗಿ ಬಳಸಲಿ. ಸೊನ್ನೆ ಬಿಲ್ಲಿನ ಮನೆಗೆ ಮಾತ್ರ ಸಾಲ ಮಾಡಿ ಹಾಕಿಸು ಎಂದು ಯಾರೂ ಒತ್ತಾಯಿಸದಿರಲಿ. ಆ ತಾರಸಿಯ ಲೆಕ್ಕವನ್ನು ರಾಜ್ಯ ಸರ್ಕಾರ ಮತ್ತು ಬೆಸ್ಕಾಂ ಕೂತು ಮಾಡಬೇಕು: ಐದು ವರ್ಷ ಕಟ್ಟುವ ದುಡ್ಡನ್ನು ಮೊದಲೇ ಕಟ್ಟಬೇಕು. ಆಗ ಶಿಡ್ಲಘಟ್ಟದ ಯಜಮಾನರ ಕೈಯಲ್ಲಿರುವ ಮೊದಲನೇ ಕಾಗದದಲ್ಲೂ ಅವರು ಕಟ್ಟಬೇಕಾದ ಮೊತ್ತ ಸೊನ್ನೆ ಆಗುತ್ತದೆ.