ಬಹುಮಾನ ಬಂದದ್ದು ಯಾರ ಮನೆಗೆ?

ಪಾಳುಬಿದ್ದ ಮನೆಯ ದುರಸ್ತಿ ಕಲೆಯಾದೀತೆ? 2015ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಕಲಾಲೋಕ ಈ ಪ್ರಶ್ನೆಯನ್ನು ಬಿಸಿಬಿಸಿಯಾಗಿ ಚರ್ಚಿಸಿತು. ಆ ವರ್ಷದ ಟರ್ನರ್ ಪ್ರಶಸ್ತಿ ಯಾವ ಚಿತ್ರಕಾರನಿಗೂ ಶಿಲ್ಪಿಗೂ ಸಿಗಲಿಲ್ಲ. ಲಿವರ್‌ಪೂಲ್ ನಗರದ ಗ್ರಾನ್ಬಿ ಎಂಬ ಬಡ ಮೊಹಲ್ಲಾದಲ್ಲಿ ಪಾಳುಮನೆಗಳನ್ನು ಮತ್ತೆ ವಾಸಯೋಗ್ಯ ಮಾಡುತ್ತಿದ್ದ 'ಅಸೆಂಬಲ್' ಎಂಬ ತರುಣ ವಿನ್ಯಾಸಕಾರರ ತಂಡಕ್ಕೆ ಆ 25 ಸಾವಿರ ಪೌಂಡುಗಳ ಬಹುಮಾನ ಹೋಯಿತು. ಇದು ಕಲೆಯೇ ಅಲ್ಲ ಎಂದರು ಕೆಲವರು. ಕಲೆಯ ವ್ಯಾಖ್ಯೆಯೇ ವಿಸ್ತಾರವಾಯಿತು ಎಂದರು ಮತ್ತೆ ಕೆಲವರು. ನಮ್ಮನ್ನು ಕಾಡುವುದು ಬೇರೆಯೇ ಪ್ರಶ್ನೆ. ದುರಸ್ತಿಯಾಗಲು ಆ ಮನೆಗಳು ಉಳಿದಿದ್ದಾದರೂ ಹೇಗೆ? ಉಳಿಸಿದವರು ಯಾರು?

ಲಿವರ್‌ಪೂಲ್ ಬಂದರು ನಗರ. ಹಡಗುಗಳಲ್ಲಿ ದುಡಿಯಲು ಬಂದ ಸೊಮಾಲಿಗಳು, ಯೆಮನಿಗಳು, ಪಶ್ಚಿಮ ಆಫ್ರಿಕಾ ಮತ್ತು ಕೆರಿಬಿಯನ್ ದ್ವೀಪಗಳ ಕರಿಯರು ನೆಲೆಯೂರಿದ್ದು ಗ್ರಾನ್ಬಿಯ ಸುತ್ತಮುತ್ತ. 1981ರ ಜುಲೈಯಲ್ಲಿ ಇಲ್ಲಿನ ಯುವಕರಿಗೂ ಪೊಲೀಸರಿಗೂ ದೊಡ್ಡ ಘರ್ಷಣೆ ನಡೆಯಿತು. ಆ ಮೇಲಿನ ವರ್ಷಗಳಲ್ಲಿ ಮೊಹಲ್ಲಾ ಬರಿದಾಗುತ್ತ ಹೋಯಿತು. ನಗರಾಡಳಿತ ಮನೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು, ನಿವಾಸಿಗಳನ್ನು ಬೇರೆಡೆಗೆ ಕಳಿಸಿತು, ಕಿಟಕಿ ಬಾಗಿಲುಗಳಿಗೆ ಹಲಗೆ ತಗಡು ಹೊಡೆಸಿತು. ಒಂದೊಂದೇ ಬೀದಿ ನೆಲಸಮವಾಯಿತು. 2002ರಲ್ಲಿ ಶುರುವಾದ ಸರಕಾರಿ ಯೋಜನೆಯೊಂದು, ಬೇಡಿಕೆ ಇಲ್ಲದ ಹಳೆಯ ಮನೆಗಳನ್ನು ಕೆಡವುವುದೇ ಊರಿನ ಉದ್ಧಾರವೆಂದು ನಂಬಿತ್ತು. ಕೊನೆಗೆ ಹಳೆಯ ಸಾಲುಮನೆಗಳಿದ್ದ ನಾಲ್ಕು ಬೀದಿಗಳು ಉಳಿದವು. ಅವುಗಳಲ್ಲೂ ಹೆಚ್ಚಿನ ಮನೆಗಳು ಖಾಲಿ.

ಉರ್ದುವಿನಲ್ಲಿ 'ಮಕಾನ್' ಬೇರೆ, 'ಘರ್' ಬೇರೆ. ಗೋಡೆ ಮಾಡುಗಳಿದ್ದರೆ ಮಕಾನ್. ಒಳಗೆ ಬಾಳುವೆ ಇದ್ದರೆ ಘರ್. ಆಡಳಿತದ ಕಡತ ಮಕಾನುಗಳನ್ನು ಎಣಿಸಿತು. ಅಲ್ಲೇ ಉಳಿದ ಕೆಲವೇ ಮಂದಿ, ಅವರಲ್ಲೂ ಹೆಚ್ಚಿನವರು ಹೆಂಗಸರು, ಅದನ್ನು ಘರ್ ಎಂದು ಕಂಡರು. ಅವರು ಮೊದಲು ಹಿಡಿದದ್ದು ಪೊರಕೆಯನ್ನು. ಯಾರೂ ಗುಡಿಸದ ಬೀದಿಯನ್ನು ಗುಡಿಸಿದರು. ಹೂಕುಂಡಗಳನ್ನಿಟ್ಟರು, ಬಳ್ಳಿ ಹಬ್ಬಿಸಿದರು. ಮುಚ್ಚಿದ ಕಿಟಕಿಗಳ ಹಲಗೆಯ ಮೇಲೆ ಪರದೆಗಳ ಚಿತ್ರ ಬಿಡಿಸಿದರು. ಕೇರ್ನ್ಸ್ ಬೀದಿಯಲ್ಲಿ ತಿಂಗಳಿಗೊಮ್ಮೆ ಸಂತೆ ನಡೆಸಿದರು. ಸಭೆ, ಮನವಿ, ಪ್ರತಿಭಟನೆ ಎಲ್ಲವೂ ಇದ್ದವು. ಆದರೆ 'ಇಲ್ಲಿ ಯಾರೂ ವಾಸಿಸುವುದಿಲ್ಲ' ಎಂಬ ಸುಳ್ಳಿಗೆ ತಕ್ಕ ಉತ್ತರ ಕೊಟ್ಟದ್ದು ಆ ಹೂಕುಂಡಗಳೇ ಎಂದು ನಮಗನಿಸುತ್ತದೆ. 2011ರಲ್ಲಿ ಅವರು ಸಮುದಾಯ ಭೂ ಟ್ರಸ್ಟ್ ಕಟ್ಟಿಕೊಂಡರು. ಕೇರ್ನ್ಸ್ ಬೀದಿಯ 10 ಮನೆಗಳು ಟ್ರಸ್ಟಿನ ಕೈಗೆ ಬಂದವು. ಅಸೆಂಬಲ್ ತಂಡ ಕೈಜೋಡಿಸಿದ್ದು ಆ ನಂತರ.

ತಂಡದ ಕೆಲಸವನ್ನು ನಾವು ಕಡೆಗಣಿಸುತ್ತಿಲ್ಲ. ಅವರು ಹಳೆಯದನ್ನು ಅಳಿಸಿ ಹೊಸದನ್ನು ಹೇರಲಿಲ್ಲ. ಕೆಡವಿದ ಮನೆಗಳ ಇಟ್ಟಿಗೆ, ಕಲ್ಲಿನ ಚೂರುಗಳನ್ನು ಅರೆದು ಕಲಸಿ ಅಗ್ಗಿಷ್ಟಿಕೆಗಳಿಗೆ ಚೌಕಟ್ಟು ಮಾಡಿದರು. ಬಾಗಿಲ ಹಿಡಿಕೆ, ಹೆಂಚುಬಿಲ್ಲೆಗಳನ್ನು ಕೈಯಿಂದ ತಯಾರಿಸುವ ಕಾರ್ಯಾಗಾರ ತೆರೆದರು. ಒಳಗೆಲ್ಲ ಕುಸಿದುಹೋಗಿದ್ದ ಎರಡು ಮನೆಗಳು 2019ರಲ್ಲಿ ಗಾಜಿನ ಮಾಡಿನ ಸಾರ್ವಜನಿಕ ತೋಟವಾದವು. ಕೆಡವಿದ್ದರ ಚೂರಿನಿಂದಲೇ ಒಲೆಯ ಸುತ್ತಿನ ಚೌಕಟ್ಟು ಕಟ್ಟುವುದು ಒಳ್ಳೆಯ ಕಲ್ಪನೆ.

ಆದರೆ ಪ್ರಶಸ್ತಿಗಳಿಗೊಂದು ದೌರ್ಬಲ್ಯವಿದೆ. ಅವುಗಳಿಗೆ ಒಬ್ಬ ಕರ್ತೃ ಬೇಕು. ಕಥೆಗೆ ನಾವು ಸಹಿ ಹಾಕುತ್ತೇವೆ. ಬೀದಿ ಗುಡಿಸಿದವಳು ಎಲ್ಲಿ ಸಹಿ ಹಾಕಬೇಕು? ವಿನ್ಯಾಸ ಮಾಡಿದವರ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಬಂತು. ವರ್ಷಗಟ್ಟಲೆ ಕಾದವರು ಆ ವರದಿಗಳಲ್ಲಿ 'ಸ್ಥಳೀಯರು' ಎಂಬ ಒಂದೇ ಪದದೊಳಗೆ ಸೇರಿಹೋದರು. ವಿಮರ್ಶೆ ತಿದ್ದಬೇಕಾದ ಲೆಕ್ಕ ಇದು.

ಹೆಸರಿನ ಮಹಿಮೆ ಎಂಥದೆಂದು ನೋಡಲು ದೂರ ಹೋಗಬೇಕಿಲ್ಲ. ಅದೇ ಲಿವರ್‌ಪೂಲಿನ ಮ್ಯಾಡ್ರಿನ್ ಬೀದಿಯ 9ನೇ ಮನೆಯಲ್ಲಿ ಬೀಟಲ್ಸ್ ತಂಡದ ರಿಂಗೊ ಸ್ಟಾರ್ 1940ರಲ್ಲಿ ಹುಟ್ಟಿದರು. 2012ರಲ್ಲಿ ಆ ಮನೆಯನ್ನೂ ಅದರ ಜೊತೆಗಿನ ಕೆಲವನ್ನೂ ಉಳಿಸಿ, ಸುತ್ತಲಿನ ನೂರಾರು ಮನೆಗಳನ್ನು ಕೆಡವುವ ತೀರ್ಮಾನವಾಯಿತು. ಪ್ರಸಿದ್ಧನ ತೊಟ್ಟಿಲು ಪರಂಪರೆ, ಪಕ್ಕದ ಮನೆಯ ತೊಟ್ಟಿಲು ಕಸ! ನೆರೆಹೊರೆಯವರು ಒಪ್ಪಲಿಲ್ಲ. ಬಹಿರಂಗ ವಿಚಾರಣೆಯ ಬಳಿಕ 2015ರ ಜನವರಿಯಲ್ಲಿ ಸಚಿವರು ಆ ಕೆಡವುವ ಯೋಜನೆಯನ್ನೇ ತಿರಸ್ಕರಿಸಿದರು.

ಇದೇ ನಗರದ ಇನ್ನೊಂದು ಮನೆ ನಮಗೆ ಹತ್ತಿರದ್ದು. ಇಸ್ಲಾಂ ಸ್ವೀಕರಿಸಿದ ವಕೀಲ ಅಬ್ದುಲ್ಲಾ ಕ್ವಿಲಿಯಂ 1889ರಲ್ಲಿ ಬ್ರೌಮ್ ಟೆರೇಸಿನ 8ನೇ ಮನೆಯಲ್ಲಿ ಮಸೀದಿ ತೆರೆದರು. 1908ರಲ್ಲಿ ಅವರು ನಗರ ಬಿಟ್ಟ ಮೇಲೆ ಮಸೀದಿ ನಿಂತಿತು, ಕಟ್ಟಡದಲ್ಲಿ ಜನನ ಮರಣ ನೋಂದಣಿ ಕಚೇರಿ ನಡೆಯಿತು, ಕೊನೆಗೆ ಪಾಳುಬಿತ್ತು. ಅವರ ಹೆಸರಿನ ಸಂಘವೊಂದು ದುಡ್ಡು ಕೂಡಿಸಿ ದುರಸ್ತಿ ಮಾಡಿಸಿ, 2014ರಲ್ಲಿ ಅಲ್ಲಿ ಮತ್ತೆ ನಮಾಜ್ ಶುರುವಾಯಿತು. ನಮಗೆ ಸಂತೋಷವೇ. ಆದರೆ ಮಸೀದಿಯ ಗೋಡೆಗೆ ಮಿಡಿಯುವ ನಮ್ಮ ಮನಸ್ಸು, ಮಸೀದಿಯ ಹಿಂದಿನ ಓಣಿಯ ಮನೆಗಳಿಗೂ ಮಿಡಿಯುತ್ತದೆಯೇ? ನೆರೆಯವರ ಹಕ್ಕಿನ ಬಗ್ಗೆ ಇಷ್ಟೊಂದು ಉಪದೇಶ ಕೇಳುವ ನಾವು ಈ ಪ್ರಶ್ನೆಯನ್ನು ನಮಗೇ ಹಾಕಿಕೊಳ್ಳಬೇಕು.

ಗ್ರಾನ್ಬಿಯ ಟ್ರಸ್ಟ್ ನೆಲವನ್ನು ಮಾರುಕಟ್ಟೆಯ ಜೂಜಿನಿಂದ ಹೊರಗಿಟ್ಟಿದೆ. ಮನೆಯ ಬೆಲೆಯನ್ನು ಅಲ್ಲಿನ ಜನರ ಗಳಿಕೆಗೆ ಹೊಂದಿಸಿದೆ. ವಕ್ಫ್ ಎಂಬ ಪದ ತಿಳಿದವರಿಗೆ ಇದರ ಆಶಯ ಹೊಸದಲ್ಲ. ಸೊತ್ತು ಅಮಾನತ್ ಆದಾಗ ಅದನ್ನು ಕಾಯುವವರಿರುತ್ತಾರೆ, ಒಡೆಯರಿರುವುದಿಲ್ಲ.

ಆದರೂ ಇದನ್ನು ಪೂರ್ಣ ಗೆಲುವೆನ್ನಲು ನಾಲಗೆ ಏಳುವುದಿಲ್ಲ. ನಾಲ್ಕು ಬೀದಿ ಉಳಿದವು ಎಂದರೆ ಸುತ್ತಲಿನ ಎಷ್ಟೋ ಬೀದಿಗಳು ಹೋದವೆಂದೇ ಅರ್ಥ. ಚದುರಿಹೋದ ಕುಟುಂಬಗಳನ್ನು ಯಾವ ವಿನ್ಯಾಸಕಾರನೂ ಮರಳಿ ತರಲಾರ. ಇಟ್ಟಿಗೆಯ ಚೂರು ಮತ್ತೆ ಚೌಕಟ್ಟಾದೀತು. ಎದುರು ಮನೆಯ ಹಜ್ಜಿಯ ಸಲಾಮ್ ಮತ್ತೆ ಸಿಗದು. ಹಾಗಾಗಿ ಬಹುಮಾನ ಕೊಡುವುದಿದ್ದರೆ ದುರಸ್ತಿ ಮಾಡಿದವರಿಗೆ ಕೊಡಲಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು, ಎಲ್ಲರೂ ಹೋದ ಮೇಲೂ ಬಾಗಿಲ ಮುಂದೆ ಪೊರಕೆ ಹಿಡಿದು ನಿಂತವಳನ್ನು ಕರ್ತೃವೆಂದು ಒಪ್ಪಿಕೊಳ್ಳಲಿ.