ಗಲ್ಫ್ ಕಥನದಲ್ಲಿ ಹೆಣ್ಣಿನ ಜಾಗ ಎಲ್ಲಿ?

ನಮ್ಮ ಕರಾವಳಿಯಲ್ಲಿ ‘ಗಲ್ಫಿಗೆ ಹೋದವರು’ ಎಂದೊಡನೆ ಕಣ್ಣ ಮುಂದೆ ಬರುವುದು ಗಂಡಸು. ಪೆಟ್ಟಿಗೆಗೆ ಹಗ್ಗ ಬಿಗಿದು ಹೊರಡುವವನು ಅವನು, ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವವಳು ಅವಳು. ಈ ಚಿತ್ರವನ್ನು ನಮ್ಮ ಮನಸ್ಸಿನಲ್ಲಿ ಗಟ್ಟಿ ಮಾಡಿದ್ದು ಬದುಕು ಮಾತ್ರವಲ್ಲ, ಕತೆ, ಹಾಡು, ಸಿನಿಮಾಗಳೂ ಹೌದು. ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳ ಅನುಭವ ಮಲಬಾರಿನ ಮನೆಗಳದ್ದಕ್ಕಿಂತ ತೀರಾ ಬೇರೆಯೇನಲ್ಲ. ಆದರೆ ಅದನ್ನು ಹಾಡಾಗಿ, ಕಾದಂಬರಿಯಾಗಿ, ಸಿನಿಮಾವಾಗಿ ಹೆಚ್ಚು ದಾಖಲಿಸಿದ್ದು ಮಲಯಾಳಂ ಭಾಷೆ. ಆದ್ದರಿಂದ ನಮ್ಮ ಮುಖವನ್ನೂ ನಾವು ಆ ಕನ್ನಡಿಯಲ್ಲೇ ನೋಡಿಕೊಳ್ಳಬೇಕಾಗಿದೆ.

1970ರ ದಶಕದಲ್ಲಿ ಎಸ್.ಎ. ಜಮೀಲ್ ಬರೆದು ಹಾಡಿದ ‘ದುಬೈ ಪತ್ರ’ದ ಮಾಪಿಳ್ಳ ಹಾಡು ಮಲಬಾರಿನ ಮನೆಮನೆಗಳನ್ನು ಮುಟ್ಟಿತು. ಅದು ಹೆಂಡತಿ ದುಬೈಯಲ್ಲಿರುವ ಗಂಡನಿಗೆ ಬರೆದ ಪತ್ರ. ಯೌವನ ಕಳೆದುಹೋಗುತ್ತಿದೆ, ಹಣ ಮಾತ್ರ ಬಂದರೆ ಸಾಕೇ ಎಂಬ ಅವಳ ಅಳಲು ಅಂದು ಯಾರೂ ಬಾಯಿಬಿಟ್ಟು ಆಡದ ಮಾತಾಗಿತ್ತು. ಆದರೆ ಈ ಹೆಣ್ಣಿನ ಪತ್ರವನ್ನು ಬರೆದದ್ದು ಒಬ್ಬ ಗಂಡಸು. ಅದಕ್ಕೆ ಗಂಡನ ಮಾರುತ್ತರದ ಹಾಡನ್ನೂ ಅವರೇ ಕಟ್ಟಿದರು. ಹಾಡಿನ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಗಲ್ಫ್ ಕಥನದ ಹೆಣ್ಣು ಮೊದಲು ಕಾಣಿಸಿಕೊಂಡದ್ದೇ ಕಾಯುವವಳಾಗಿ, ಅದೂ ಇನ್ನೊಬ್ಬರ ದನಿಯಲ್ಲಿ ಎಂಬುದನ್ನು ಮರೆಯಬಾರದು.

ಬೆನ್ಯಾಮಿನ್ ಅವರ ‘ಆಡುಜೀವಿತಂ’ (2008) ಕಾದಂಬರಿಯಲ್ಲಿ ನಜೀಬ್ ಗರ್ಭಿಣಿ ಹೆಂಡತಿ ಸೈನುವನ್ನು ಬಿಟ್ಟು ಸೌದಿಗೆ ಹೋಗುತ್ತಾನೆ. ಮರುಭೂಮಿಯಲ್ಲಿ ಆಡುಗಳ ನಡುವೆ ಮೂರು ವರ್ಷಕ್ಕೂ ಹೆಚ್ಚು ಕಾಲ ಗುಲಾಮನಂತೆ ಬದುಕುತ್ತಾನೆ. ಹುಟ್ಟಲಿರುವ ಮಗನಿಗೆಂದು ಎತ್ತಿಟ್ಟ ಹೆಸರನ್ನು ಒಂದು ಆಡಿನ ಮರಿಗೆ ಇಡುತ್ತಾನೆ. ತಾನು ಸುಖವಾಗಿದ್ದೇನೆ ಎಂದು ಮನಸ್ಸಿನಲ್ಲೇ ಹೆಂಡತಿಗೆ ಸುಳ್ಳು ಪತ್ರ ಬರೆಯುತ್ತಾನೆ. ಈ ಸುಳ್ಳು ನಮ್ಮನ್ನು ಕಲಕುತ್ತದೆ. ಗಂಡಸಾದವನು ಸೋತೆ ಎಂದು ಹೇಳಿಕೊಳ್ಳುವಂತಿಲ್ಲ ಎಂಬ ಕಟ್ಟುಪಾಡು ಅದರ ಹಿಂದಿದೆ. 2015ರ ‘ಪತ್ತೇಮಾರಿ’ ಸಿನಿಮಾದಲ್ಲಿ ಮಮ್ಮುಟ್ಟಿಯವರ ನಾರಾಯಣನದೂ ಇದೇ ಪಾಡು. ಹಾಯಿಹಡಗಿನಲ್ಲಿ ಕಡಲು ದಾಟಿದ ಆತ ಮನೆಯವರಿಗಾಗಿ ದುಡಿದು ದುಡಿದು, ಕೊನೆಗೆ ಹೆಣವಾಗಿ ಊರಿಗೆ ಮರಳುತ್ತಾನೆ. ವಲಸೆಯ ಮೇಲೆ ಲಿಂಗದ ಪ್ರಭಾವ ಎಂದರೆ ಹೆಣ್ಣಿನ ಕಷ್ಟ ಮಾತ್ರ ಎಂದು ತಿಳಿಯುವವರು ಈ ಎರಡು ಕೃತಿಗಳನ್ನು ಗಮನಿಸಬೇಕು. ‘ದುಡಿದು ಹಾಕುವವನು’ ಎಂಬ ಪಟ್ಟವೇ ಗಂಡಸಿನ ಬೇಡಿಯಾಗುತ್ತದೆ.

ಆದರೆ ಈ ಕೃತಿಗಳು ಹೆಣ್ಣಿಗೆ ನ್ಯಾಯ ಸಲ್ಲಿಸಿವೆಯೇ? ಸೈನು ಆ ವರ್ಷಗಳನ್ನು ಹೇಗೆ ಕಳೆದಳು? ಹೆರಿಗೆಯ ಖರ್ಚು ಎಲ್ಲಿಂದ ಬಂತು? ಸುದ್ದಿಯೇ ಇಲ್ಲದ ಗಂಡನ ಬಗ್ಗೆ ನೆರೆಹೊರೆಯವರು ಏನೆಂದರು? ಕಾದಂಬರಿ ನಜೀಬನ ಬಾಯಲ್ಲಿ ಹೇಳಿದ ಕತೆಯಾದ್ದರಿಂದ ಈ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ. ಲೀಲಾ ಗುಲಾಟಿಯವರು 1993ರಲ್ಲಿ ಗಂಡಸರಿಲ್ಲದ ಮನೆಗಳ ಕೇರಳದ ಹೆಂಗಸರನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ಗಂಡನಿಲ್ಲದಾಗ ಬ್ಯಾಂಕಿಗೆ ಹೋಗುವುದು, ಸಾಲ ತೀರಿಸುವುದು, ಮನೆ ಕಟ್ಟಿಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆಣ್ಣಿನ ಪಾಲಿಗೇ ಬರುತ್ತದೆ. ನಮ್ಮ ಊರುಗಳಲ್ಲೂ ಅಷ್ಟೇ. ಮೇಸ್ತ್ರಿಯ ಜೊತೆ ಮಾತಾಡಿ, ಸಿಮೆಂಟಿನ ಚೀಲ ಎಣಿಸಿ ಮನೆ ಎಬ್ಬಿಸಿದವಳು ಅವಳು. ಆದರೆ ಊರು ಅದನ್ನು ‘ದುಬೈಯವನ ಮನೆ’ ಎಂದೇ ಕರೆಯುತ್ತದೆ.

ಹೆಣ್ಣೇ ಕಡಲು ದಾಟಿದರೆ? ಕಮಲ್ ನಿರ್ದೇಶನದ ‘ಗದ್ದಾಮ’ (2011) ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಗಂಡನನ್ನು ಕಳಕೊಂಡ ಅಶ್ವತಿ ಮನೆಗೆಲಸಕ್ಕೆಂದು ಸೌದಿಗೆ ಹೋಗುತ್ತಾಳೆ. ಕಾವ್ಯಾ ಮಾಧವನ್ ಆ ಪಾತ್ರವನ್ನು ಮಾಡಿದ್ದಾರೆ. ಇದನ್ನು ‘ಆಡುಜೀವಿತಂ’ ಪಕ್ಕ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ನಜೀಬನ ಸೆರೆಮನೆ ಬಯಲು, ಅಶ್ವತಿಯ ಸೆರೆಮನೆ ಒಂದು ಸಂಸಾರದ ಮನೆ. ಹೆಣ್ಣಿಗೆ ಮನೆಯೇ ಅತಿ ಸುರಕ್ಷಿತ ಜಾಗ ಎಂದು ನಂಬಿದವರು ನಾವು. ಅದೇ ಮನೆ ಅವಳ ಪಾಲಿಗೆ ಅಪಾಯದ ಜಾಗವಾಗುತ್ತದೆ. ಬೀಗ ಹಾಕಿದ ಬಾಗಿಲಿನೊಳಗೆ ಜೊತೆ ಕೆಲಸಗಾರರ ಕ್ಯಾಂಪಿಲ್ಲ, ಶುಕ್ರವಾರದ ರಜೆಯಿಲ್ಲ, ಊರಿನ ಗೆಳೆಯರ ಕೂಟವಿಲ್ಲ.

ಕಾನೂನೂ ಆ ಬಾಗಿಲ ಹೊರಗೇ ನಿಂತಿತ್ತು. ಕೊಲ್ಲಿ ದೇಶಗಳು ಬಹುಕಾಲ ಮನೆಗೆಲಸದವರನ್ನು ತಮ್ಮ ಕಾರ್ಮಿಕ ಕಾನೂನಿನ ಹೊರಗೇ ಇಟ್ಟಿದ್ದವು. ಕುವೈತ್ 2015ರಲ್ಲಿ, ಕತಾರ್ 2017ರಲ್ಲಿ ಅವರಿಗಾಗಿ ಪ್ರತ್ಯೇಕ ಕಾನೂನು ತಂದವು. ಸೌದಿ ಅರೇಬಿಯಾ 2021ರಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಾಗ ಮನೆಗೆಲಸದವರನ್ನು ಅದರಿಂದ ಹೊರಗಿಟ್ಟಿತು. ನಮ್ಮ ಸರಕಾರ ಮಾಡಿದ್ದೇನು? ಹತ್ತನೇ ತರಗತಿ ಮುಟ್ಟದ ಹೆಣ್ಣು 30 ವರ್ಷ ತುಂಬದೆ ಆ ದೇಶಗಳಿಗೆ ಕೆಲಸಕ್ಕೆ ಹೋಗುವಂತಿಲ್ಲ ಎಂಬ ನಿಯಮ ಮಾಡಿತು. ಉದ್ದೇಶ ರಕ್ಷಣೆಯೇ ಇರಬಹುದು. ಆದರೆ ಹಸಿದ ಮನೆಗೆ ಮೂವತ್ತರ ತನಕ ಕಾಯಲು ಬರುವುದಿಲ್ಲ. ಮುಂಬಾಗಿಲು ಮುಚ್ಚಿದಾಗ ಏಜೆಂಟ್ ವಿಸಿಟ್ ವೀಸಾದ ಹಿಂಬಾಗಿಲು ತೋರಿಸುತ್ತಾನೆ. ಹಾಗೆ ಹೋದವಳ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ಅದೇ ಓದು, ಅದೇ ಬಡತನದ ಗಂಡಿಗೆ ಈ ವಯಸ್ಸಿನ ಕಟ್ಟಳೆ ಇಲ್ಲ.

ಓದಿದ ಹೆಣ್ಣಿನ ದಾರಿ ಸುಲಭವೇ? ಮಹೇಶ್ ನಾರಾಯಣನ್ ಅವರ ‘ಟೇಕ್ ಆಫ್’ (2017) ಇದಕ್ಕೆ ಉತ್ತರಿಸಲು ಯತ್ನಿಸಿತು. 2014ರಲ್ಲಿ ಇರಾಕಿನ ಯುದ್ಧದಲ್ಲಿ ಸಿಕ್ಕಿಬಿದ್ದ 46 ಭಾರತೀಯ ನರ್ಸ್‌ಗಳು ಆ ವರ್ಷದ ಜುಲೈಯಲ್ಲಿ ಊರಿಗೆ ಮರಳಿದ ಘಟನೆಯೇ ಅದಕ್ಕೆ ಆಧಾರ. ನಮ್ಮ ಮಟ್ಟಿಗೆ ಸಿನಿಮಾದ ನಿಜವಾದ ಯುದ್ಧ ಇರಾಕ್ ತಲುಪುವ ಮುಂಚೆಯೇ ಶುರುವಾಗಿರುತ್ತದೆ. ಸಮೀರಾ ದುಡಿದು ತವರಿನ ಹೊರೆ ಇಳಿಸಬೇಕು, ಆದರೆ ಅವಳ ಕೆಲಸವೇ ಗಂಡನ ಮನೆಯವರಿಗೆ ಕಿರಿಕಿರಿ. ಮೊದಲ ಮದುವೆ ಅಲ್ಲೇ ಮುರಿಯುತ್ತದೆ. ಗಂಡು ಮಗುವನ್ನು ಬಿಟ್ಟು ಹೋದರೆ ‘ತ್ಯಾಗ’, ಹೆಣ್ಣು ಬಿಟ್ಟು ಹೋದರೆ ‘ಎಂಥಾ ತಾಯಿ’ ಎಂಬ ಮಾತು! ಸಿನಿಮಾದ ಕೊನೆಯ ಭಾಗ ರಾಯಭಾರಿಯ ಸಾಹಸದತ್ತ ವಾಲಿ, ಸಮೀರಾಳನ್ನು ಮತ್ತೆ ರಕ್ಷಣೆಗಾಗಿ ಕಾಯುವವಳನ್ನಾಗಿಸುವುದು ನಮಗೆ ಕೊರತೆಯಾಗಿ ಕಂಡಿತು. ‘ಗದ್ದಾಮ’ವೂ ಅಷ್ಟೆ. ಅಲ್ಲಿ ಶ್ರೀನಿವಾಸನ್ ಅಭಿನಯಿಸಿದ ಸಮಾಜಸೇವಕ ಬಂದ ಮೇಲೆ ಅಶ್ವತಿಯ ಮಾತು ಕಡಿಮೆಯಾಗುತ್ತದೆ.

ಕೇರಳದ ವಲಸಿಗರಲ್ಲಿ ಹೆಂಗಸರ ಪಾಲು 2018ರಲ್ಲಿ ಶೇ. 15.8 ಇದ್ದದ್ದು 2023ರಲ್ಲಿ ಶೇ. 19.1ಕ್ಕೆ ಏರಿದೆ ಎನ್ನುತ್ತದೆ ಅಲ್ಲಿನ ವಲಸೆ ಸಮೀಕ್ಷೆ. ನಮ್ಮ ಕಡೆಯಿಂದಲೂ ನರ್ಸ್‌ಗಳು, ಶಿಕ್ಷಕಿಯರು, ಮನೆಗೆಲಸದವರು ಹೋಗುತ್ತಿದ್ದಾರೆ. ಊರಿಗೆ ಬಂದ ಗಂಡಸನ್ನು ನಾವು ‘ಏನು ತಂದೆ?’ ಎಂದು ಕೇಳುತ್ತೇವೆ. ಹೆಂಗಸನ್ನು ಕೇಳುವುದು ‘ಅಲ್ಲಿ ಯಾರ ಜೊತೆ ಇದ್ದೆ?’ ಎಂದು. ಒಂದೇ ವಿಮಾನದಲ್ಲಿ ಬಂದಿಳಿದ ಇಬ್ಬರಿಗೆ ಎರಡು ತಕ್ಕಡಿ.

ಕನ್ನಡದ ಗಲ್ಫ್ ಕಥನ ಬರೆಯುವವರು ಈ ತಕ್ಕಡಿಯನ್ನು ಮೊದಲು ಕೆಳಗಿಡಬೇಕು. ಹೋದವಳ ಮೇಲೆ ಕನಿಕರದ ಕತೆಗಳು ಸಾಕು, ಅವಳೇ ಹೇಳುವ ಕತೆ ಬೇಕು. ಅವಳು ಬರೆಯಲಿ, ಬರೆಯಲು ಬಾರದಿದ್ದರೆ ಹೇಳಲಿ. ಅವಳ ಮಾತು ಮುಗಿಯುವ ತನಕ ನಾವು ನಮ್ಮ ಪ್ರಶ್ನೆಗಳನ್ನು ತಡೆದುಕೊಂಡು ಕೇಳಿಸಿಕೊಳ್ಳೋಣ.